ಕಾಯಕವಿರುವೆಡೆ ಬೆಳಕಿರಲಿ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಬೆಳಕಿಗೆ ಬಡತನವಿಲ್ಲ. ಆದರೂ ಭಕ್ತರ ಮನೆಗಳಿಗೆ ಪ್ರಸಾದಕ್ಕೆಂದು ಹೋದಾಗ ನಾವು ಒಂದು ವಿಪರ್ಯಾಸವನ್ನು ಕಾಣುತ್ತೇವೆ. ಪಡಸಾಲೆಯಲ್ಲಿ ನಾಲ್ಕಾರು ದೀಪಗಳು ಝಗಝಗಿಸುತ್ತಿರುತ್ತವೆ. ಒಳಗೆ ತಾಯಿ ತನ್ನ ನೆರಳಿನಲ್ಲಿಯೇ ರೊಟ್ಟಿ ಬಡಿಯುತ್ತಿರುತ್ತಾಳೆ. ಬೆಳಕು ಅತಿಥಿಗೆ, ಕತ್ತಲೆ ಕಾಯಕಕ್ಕೆ ಎಂಬಂತಾಗಿದೆ.

ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನವರು ನೇಯ್ಗೆಯ ಕಾಯಕದವರು. ಕಡಿದ ಎಳೆ ಕಣ್ಣಿಗೆ ಬೀಳದಿದ್ದರೆ ಬಟ್ಟೆ ಕೆಡುತ್ತದೆ. ಆದುದರಿಂದ ಬಲ್ಲ ನೇಕಾರನು ಬೆಳಕು ಬರುವ ದಿಕ್ಕನ್ನು ನೋಡಿಕೊಂಡೇ ಮಗ್ಗವನ್ನು ಹೂಡುತ್ತಾನೆ. ಗೃಹಸ್ಥರೂ ಈ ಕ್ರಮವನ್ನು ಅನುಸರಿಸುವುದು ಲೇಸು.

ಹಿರಿಯರ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಚಿಕ್ಕದು. ಆ ಕೊರತೆಯನ್ನು ಮಾಳಿಗೆಯ ಬೆಳಕಿಂಡಿ ನೀಗುತ್ತಿತ್ತು. ಒಲೆಯ ಹೊಗೆಗೂ ಅದೇ ದಾರಿಯಾಗಿತ್ತು. ಸಿಮೆಂಟಿನ ಛಾವಣಿ ಬಂದ ಮೇಲೆ ಅನೇಕ ಮನೆಗಳಲ್ಲಿ ಅದು ಮುಚ್ಚಿಹೋಗಿ, ಹಗಲಿನಲ್ಲಿಯೇ ದೀಪ ಹಚ್ಚುವ ರೂಢಿ ಬೆಳೆಯಿತು. ಹೊಸ ಮನೆ ಕಟ್ಟುವವರು ಸೂರ್ಯನ ಗತಿಯನ್ನು ಗಮನಿಸಬೇಕು. ನಮ್ಮಲ್ಲಿ ಮೇ ಹಾಗೂ ಆಗಸ್ಟ್ ತಿಂಗಳುಗಳ ಮೊದಲ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ; ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಬಾಗಿ ಸುಮಾರು 50 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಆದಕಾರಣ ದಕ್ಷಿಣದ ಕಿಟಕಿಗೆ ಸಜ್ಜಾ ಇದ್ದರೆ ಬೇಸಗೆಯ ಬಿಸಿಲು ಹೊರಗುಳಿದು, ಚಳಿಗಾಲದ ಎಳೆಬಿಸಿಲು ಒಳಬರುತ್ತದೆ. ಉತ್ತರದ ಕಿಟಕಿಯಿಂದ ವರ್ಷದ ಬಹುಕಾಲ ತಂಪಾದ ಬೆಳಕು ದೊರೆಯುತ್ತದೆ. ಪಶ್ಚಿಮಕ್ಕೆ ದೊಡ್ಡ ಕಿಟಕಿಯಿಟ್ಟರೆ ಸಂಜೆಯ ಕಾವನ್ನು ಮನೆಗೆ ಕರೆದಂತೆಯೇ ಸರಿ. ಗೋಡೆಗೆ ಬಿಳಿಯ ಸುಣ್ಣ ಬಳಿದರೆ ಬಂದ ಬೆಳಕು ಮೂಲೆಮೂಲೆಗೂ ಹರಡುತ್ತದೆ; ಮಸಿ ಹಿಡಿದ ಗೋಡೆ ಅದನ್ನು ನುಂಗಿಬಿಡುತ್ತದೆ.

ಇನ್ನು ರಾತ್ರಿಯ ಮಾತು. ಹಿಂದೆ 60 ವ್ಯಾಟಿನ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಇಂದು 9 ವ್ಯಾಟಿನ ಎಲ್‌ಇಡಿ ದೀಪ ಕೊಡುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಬಿಲ್ಲಿನ ಭಾರವನ್ನೂ ಇಳಿಸಿತು. ಹೀಗಿರುವಾಗ ನಮ್ಮ ಮನೆಗಳಲ್ಲಿ ಕೊರತೆಯಿರುವುದು ದೀಪಕ್ಕಲ್ಲ, ದೀಪವಿಡುವ ವಿವೇಕಕ್ಕೆ. ದೀಪದ ದೂರವನ್ನು ಅರ್ಧಕ್ಕಿಳಿಸಿದರೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಅಡುಗೆಯವಳ ಬೆನ್ನ ಹಿಂದಿರುವ ದೀಪವನ್ನು ಒಲೆಯ ಮುಂದಿನ ಗೋಡೆಗೆ ತನ್ನಿರಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡದಿಂದ ಬರಲಿ. ಅರವತ್ತರ ಕಣ್ಣಿನೊಳಕ್ಕೆ ಇಪ್ಪತ್ತರ ಕಣ್ಣಿಗೆ ತಲಪುವ ಬೆಳಕಿನ ಮೂರರಲ್ಲೊಂದು ಪಾಲು ಮಾತ್ರ ತಲಪುತ್ತದೆಂದು ಬಲ್ಲವರು ಹೇಳುತ್ತಾರೆ. ಆ ವಯಸ್ಸಿನವರಾದ ನಮಗೂ ಇದು ಅನುಭವವೇದ್ಯ. ಹಿರಿಯರ ಹಾಸಿಗೆಯಿಂದ ಬಚ್ಚಲಿನವರೆಗೆ, ನೆಲ ಕಾಣುವಂತೆ, ಕಣ್ಣು ಕುಕ್ಕದ ಸಣ್ಣ ದೀಪವೊಂದು ಇರುಳೆಲ್ಲ ಉರಿಯಲಿ. ಎಡವಿ ಬಿದ್ದ ಮೇಲೆ ಮಾಡುವ ಉಪಚಾರಕ್ಕಿಂತ ಇದು ಸುಲಭ.

ಪೂಜೆಯ ಎಡೆಯಲ್ಲಿ ಮಾತ್ರ ಮಿತವಾದ ಬೆಳಕೇ ಹಿತ. ಕರಸ್ಥಲದ ಇಷ್ಟಲಿಂಗವನ್ನು ನಿಟ್ಟಿಸುವಾಗ ದೀಪವು ಕಣ್ಣಿಗೆ ಎದುರಾಗಬಾರದು. ಹಿಂಬದಿಯಲ್ಲಿಟ್ಟ ಚಿಕ್ಕ ದೀಪದ ಬೆಳಕು ಲಿಂಗದ ಕಾಂತಿಯಲ್ಲಿ ಬಿಂದುವಾಗಿ ಹೊಳೆದಾಗ ದೃಷ್ಟಿ ಅಲ್ಲಿ ತಾನಾಗಿ ನೆಲೆಗೊಳ್ಳುತ್ತದೆ.

ಬೆಳಕೂ ದಾಸೋಹದ ಪದಾರ್ಥವೇ. ಪಡಸಾಲೆಗೆ ಇನ್ನೊಂದು ದೀಪವನ್ನು ಕೊಳ್ಳುವ ಮುನ್ನ ಮನೆಯ ಯಜಮಾನರು ಒಂದು ಸಂಜೆ ಒಲೆಯ ಮುಂದೆ ಕುಳಿತು, ಅಕ್ಕಿಯಲ್ಲಿನ ಕಲ್ಲು ತಮಗೆ ಕಾಣುವುದೇ ಎಂದು ನೋಡಲಿ. ಕಾಣದಿದ್ದರೆ ಆ ದೀಪ ಎಲ್ಲಿಗೆ ಸಲ್ಲಬೇಕೆಂಬುದನ್ನು ನಾವು ಹೇಳಬೇಕಾಗಿಲ್ಲ.