ಅವಳು ಸಾಯಲೇಬೇಕಿತ್ತೇ?

ಸ್ಪೈಡರ್‌ಮ್ಯಾನ್ ಸಿನಿಮಾ ನೋಡಿ ನನಗೆ ಸಿಟ್ಟು ಬಂತು ಎಂದರೆ ನೀವು ನಗಬಹುದು. ನನ್ನ ಮಗಳೂ ನಕ್ಕಳು. ಐವತ್ತು ದಾಟಿದ ಹೆಂಗಸು ಗೋಡೆ ಹತ್ತುವ ಹುಡುಗನ ಕಥೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇ? ಆದರೆ ಸಿಟ್ಟು ಬಂದದ್ದು ಆ ಹುಡುಗನ ಮೇಲಲ್ಲ. ಅವನ ಕಥೆಯಲ್ಲಿ ಸಾಯಲೆಂದೇ ಹುಟ್ಟಿದಂತಿರುವ ಒಬ್ಬ ಹುಡುಗಿಯ ಪರವಾಗಿ.

ಅವಳ ಹೆಸರು ಗ್ವೆನ್ ಸ್ಟೇಸಿ. 2014ರ ‘ದಿ ಅಮೇಝಿಂಗ್ ಸ್ಪೈಡರ್‌ಮ್ಯಾನ್ 2’ ಚಿತ್ರದಲ್ಲಿ ಅವಳು ಬಲು ಜಾಣೆ. ಆಕ್ಸ್‌ಫರ್ಡ್‌ನಲ್ಲಿ ಓದುವ ಅವಕಾಶ ಕೈಗೆ ಬಂದಿದೆ. ಬರಬೇಡವೆಂದು ನಾಯಕ ತಡೆದರೂ ಕೇಳದೆ, ಕಷ್ಟದ ಹೊತ್ತಿಗೆ ಬಂದು ನೆರವಾಗುತ್ತಾಳೆ. ಕೊನೆಗೆ ಗಡಿಯಾರದ ಗೋಪುರದಲ್ಲಿ ಬಿದ್ದು ಸಾಯುತ್ತಾಳೆ. ಅವನು ತಿಂಗಳುಗಟ್ಟಲೆ ದುಃಖಪಟ್ಟು, ಅವಳ ಹಳೆಯ ಭಾಷಣವೊಂದನ್ನು ಕೇಳಿ, ಮತ್ತೆ ಮುಖವಾಡ ತೊಟ್ಟು ಬೀದಿಗಿಳಿಯುತ್ತಾನೆ.

“ಪುಸ್ತಕದಲ್ಲೇ ಹಾಗಿದೆಯಮ್ಮ, ಅವರೇನು ಮಾಡ್ತಾರೆ?” ಎಂದಳು ಮಗಳು.

ನನ್ನ ಜಗಳವಿರುವುದು ಈ ಮಾತಿನ ಜೊತೆಗೇ. ಅವಳ ಬಳಿಯಿದ್ದ ಕಾಮಿಕ್ಸ್‌ಗಳನ್ನೇ ಕೇಳಿ ಪಡೆದು ಓದತೊಡಗಿದೆ.

ಹೌದು, ಪುಸ್ತಕದಲ್ಲಿ ಹಾಗಿತ್ತು. 1973ರಲ್ಲಿ ಜೆರಿ ಕಾನ್ವೆ ಬರೆದ ಸಂಚಿಕೆಯಲ್ಲಿ ಖಳನಾಯಕ ಗ್ವೆನ್‌ಳನ್ನು ಸೇತುವೆಯ ಮೇಲಿಂದ ಕೆಡವುತ್ತಾನೆ. ಸ್ಪೈಡರ್‌ಮ್ಯಾನ್ ಬೀಸಿದ ಬಲೆ ಅವಳ ಕಾಲಿಗೆ ಸಿಗುತ್ತದೆ. ಆ ಜಗ್ಗಿಗೇ ಕುತ್ತಿಗೆ ಮುರಿಯುತ್ತದೆ. ನಾಯಕ ತನ್ನ ಹುಡುಗಿಯನ್ನು ಉಳಿಸಿಯೇ ಉಳಿಸುತ್ತಾನೆಂದು ನಂಬಿದ್ದ ಓದುಗರು ದಂಗಾದರು. ಬಲವಿದ್ದವನೂ ಸೋಲುತ್ತಾನೆ ಎಂದು ಹೇಳಲು ಅಂದು ಧೈರ್ಯ ಬೇಕಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಧೈರ್ಯ ಬರಬರುತ್ತ ಚಾಳಿಯಾಯಿತು. ನಾಯಕನಿಗೆ ದುಃಖ ಬೇಕೇ? ಅವನ ಹುಡುಗಿಯನ್ನು ಕೊಲ್ಲು! 1994ರ ‘ಗ್ರೀನ್ ಲ್ಯಾಂಟರ್ನ್’ ಸಂಚಿಕೆಯೊಂದರಲ್ಲಿ ನಾಯಕ ಮನೆಗೆ ಬಂದಾಗ ಪ್ರೇಯಸಿಯ ಹೆಣ ಫ್ರಿಜ್ಜಿನಲ್ಲಿರುತ್ತದೆ. ನಾವು ಹಾಲು ಮೊಸರು ಇಡುವ ಫ್ರಿಜ್ಜಿನಲ್ಲಿ! ಕೊನೆಗೆ 1999ರಲ್ಲಿ ಗೇಲ್ ಸಿಮೋನ್ ಎಂಬಾಕೆ ಹೀಗೆ ಸತ್ತ, ಊನಗೊಂಡ, ಶಕ್ತಿ ಕಳೆದುಕೊಂಡ ಹೆಣ್ಣುಪಾತ್ರಗಳ ಪಟ್ಟಿಯನ್ನೇ ಮಾಡಿ ಎಲ್ಲರೆದುರು ಇಟ್ಟರು. ಕೇಶಾಲಂಕಾರದ ವೃತ್ತಿಯಲ್ಲಿದ್ದ ಆಕೆ ಮುಂದೆ ‘ವಂಡರ್ ವುಮನ್’ ಕಥೆಗಳನ್ನೇ ಬರೆದರು.

ಆ ಪಟ್ಟಿಯ ವಿಷಯ ತಿಳಿದಾಗ ನನಗೆ ನೆನಪಾದದ್ದು ಸೋದರಮಾವನ ಮೊದಲ ಹೆಂಡತಿ. ಬಾಣಂತಿತನದಲ್ಲೇ ತೀರಿಕೊಂಡವರು. “ಅವಳು ಹೋದ ಸಂಕಟಕ್ಕೇ ಅವನು ಹಟ ಹಿಡಿದು ಅಂಗಡಿ ಕಟ್ಟಿದ್ದು, ದೊಡ್ಡ ಮನುಷ್ಯ ಆದದ್ದು” ಎಂದು ನಮ್ಮವರು ಇಂದಿಗೂ ಹೇಳುತ್ತಾರೆ. ಆ ಅತ್ತೆ ಎಲ್ಲಿಯವರೆಗೆ ಓದಿದ್ದರು, ಅವರಿಗೆ ಏನು ಇಷ್ಟವಿತ್ತು ಎಂದರೆ ಯಾರೂ ಹೇಳುವುದಿಲ್ಲ. ಮಾವನ ಕಥೆಗೆ ಬೇಕಾದದ್ದು ಅವರ ಸಾವು ಮಾತ್ರ.

ಪುಸ್ತಕಕ್ಕೆ ನಿಷ್ಠೆ ಎನ್ನುವ ಸಿನಿಮಾದವರನ್ನು ಕೇಳುತ್ತೇನೆ: ಪುಸ್ತಕವೇನು ಅಲ್ಲೇ ನಿಂತಿತ್ತೇ? ಅದೇ 2014ರ ಸೆಪ್ಟೆಂಬರಿನಲ್ಲಿ ಜೇಸನ್ ಲಾಟೂರ್ ಬರೆದು ರಾಬಿ ರಾಡ್ರಿಗಸ್ ಚಿತ್ರಿಸಿದ ಕಾಮಿಕ್ಸ್ ಬಂತು. ಅದರಲ್ಲಿ ಜೇಡ ಕಚ್ಚುವುದು ಗ್ವೆನ್‌ಗೆ. ಬಲೆ ಬೀಸುವವಳು ಅವಳು, ಸಾಯುವವನು ಪೀಟರ್. ಹೆಣ್ಣಿನ ಬದಲು ಗಂಡನ್ನು ಕೊಂದರೆ ಲೆಕ್ಕ ಸರಿಹೋಯಿತೇ ಎಂದು ನೀವು ಕೇಳಬಹುದು. ಇಲ್ಲ, ನನಗದು ಮುಖ್ಯವಲ್ಲ. ಅವಳ ತಪ್ಪು, ಅವಳ ದುಃಖ, ತಂದೆಯೊಡನೆ ಅವಳ ಮನಸ್ತಾಪ ಎಲ್ಲವೂ ಅವಳದೇ ಆದವು, ಅದು ಮುಖ್ಯ. ಪುಸ್ತಕ ಅವಳಿಗೆ ಬದುಕು ಕೊಟ್ಟ ವರ್ಷವೇ ಸಿನಿಮಾ ನಲವತ್ತೊಂದು ವರ್ಷದ ಹಳೆಯ ಸಾವನ್ನು ಹೊಸ ಬಟ್ಟೆ ತೊಡಿಸಿ ತೋರಿಸಿತು.

ಸಿನಿಮಾಕ್ಕೆ ಬೇರೆ ದಾರಿಯೇ ಇರಲಿಲ್ಲ ಎನ್ನಬೇಡಿ. ಕನ್ನಡಕ್ಕೂ ಡಬ್ ಆಗಿ ಬಂದ 2023ರ ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಅದೇ ಗ್ವೆನ್‌ಳ ಕಥೆಯಿಂದ ಶುರುವಾಗುತ್ತದೆ. ಪ್ರತಿ ಸ್ಪೈಡರ್‌ಮ್ಯಾನ್‌ನ ಬಾಳಿನಲ್ಲೂ ಕೆಲವು ಸಾವು ಆಗಲೇಬೇಕು, ತಪ್ಪಿದರೆ ಲೋಕವೇ ಕುಸಿಯುತ್ತದೆ ಎಂದು ಅಲ್ಲೊಬ್ಬ ನಾಯಕ ಕಟ್ಟಳೆ ಹೇಳುತ್ತಾನೆ. ಮೈಲ್ಸ್ ಎಂಬ ಹುಡುಗ ಒಪ್ಪುವುದಿಲ್ಲ. ಆ ಕಟ್ಟಳೆಯಂತೆ ಸಾಯಬೇಕಾದ ಪೊಲೀಸ್ ಅಧಿಕಾರಿ ಗ್ವೆನ್‌ಳ ತಂದೆ. ಆತ ಮಗಳಿಗಾಗಿ ಕೆಲಸವನ್ನೇ ಬಿಟ್ಟುಬಿಡುತ್ತಾನೆ. ಪುಸ್ತಕವನ್ನು ತೆರೆಗೆ ತರುವುದೆಂದರೆ ಇದು: ಅದರಲ್ಲಿರುವ ಹೆಣಗಳನ್ನು ಹೊತ್ತು ತರುವುದಲ್ಲ, ಅದು ಬೆಳೆಸಿಕೊಂಡ ಪ್ರಶ್ನೆಗಳನ್ನು ತರುವುದು.

‘ಪುಸ್ತಕದಲ್ಲೇ ಇದೆ’, ‘ಹಿಂದಿನಿಂದ ಬಂದದ್ದು’ ಎಂಬ ಮಾತು ನಮಗೆ ಹೊಸದಲ್ಲ. ಹೆಣ್ಣಿಗೆ ನಷ್ಟವಾಗುವಲ್ಲೆಲ್ಲ ಈ ಮಾತು ತಾನಾಗಿಯೇ ಬಂದು ನಿಲ್ಲುತ್ತದೆ. ಬರೆದವರು ಮನುಷ್ಯರೇ, ತಿದ್ದಿದವರೂ ಮನುಷ್ಯರೇ ಎಂದು ನಾವು ಜ್ಞಾಪಿಸಬೇಕು. ಮುಂದಿನ ಸಲ ಮಾವನ ಮನೆಯಲ್ಲಿ ಆ ಕಥೆ ಶುರುವಾದರೆ, ನಾನು ಮೊದಲು ಕೇಳುವುದು ಅತ್ತೆಯ ಹೆಸರನ್ನು.