ಪಾಸು ಕೊಟ್ಟರು, ಬಸ್ಸು ಕೊಡಲಿಲ್ಲ



ಜಾತಿ ಏನಿದ್ದರೂ ಹಳ್ಳಿಯಲ್ಲಿ, ಪಟ್ಟಣಕ್ಕೆ ಬಂದರೆ ಯಾರ ಜಾತಿ ಯಾರಿಗೂ ಬೇಕಿಲ್ಲ, ಸಿಟಿ ಬಸ್ಸಿನಲ್ಲಿ ಒಬ್ಬರ ಮೈ ಒಬ್ಬರಿಗೆ ತಾಗಲೇಬೇಕು, ಅಲ್ಲಿಗೆ ಮಡಿ ಮುಗೀತು ಅಂತ ನಮಗೆ ಬುದ್ಧಿ ಹೇಳೋ ದೊಡ್ಡ ಮನುಷ್ಯರು ಬಹಳ ಇದ್ದಾರೆ. ಸರಿ ಸ್ವಾಮಿ. ಆದರೆ ಆ ಬಸ್ಸು ಬರಬೇಕಲ್ಲ? ಬಾರದ ಬಸ್ಸಿನಲ್ಲಿ ಯಾರ ಮೈ ಯಾರಿಗೆ ತಾಗುತ್ತೆ? ಹಳ್ಳಿಯಲ್ಲಿ ಊರಿಗೂ ಕೇರಿಗೂ ನಡುವೆ ಒಂದು ಹಳ್ಳವೋ ಬೇಲಿಯೋ ಇತ್ತು. ಬೆಂಗಳೂರಿನಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರ್ ಇಟ್ಟಿದ್ದಾರೆ. ಬೇಲಿಯಾದರೆ ಒಂದು ರಾತ್ರಿಯಲ್ಲಿ ಕಿತ್ತು ಬಿಸಾಕಬಹುದು. ಕಿಲೋಮೀಟರುಗಳನ್ನು ಕೀಳೋದು ಹೇಗೆ?

ದಾರಿ, ಗಾಡಿ, ಸವಾರಿ ಇವು ನಮಗೆ ಎಂದೂ ಬರೀ ಸಾರಿಗೆಯ ಪ್ರಶ್ನೆಗಳಾಗಿರಲಿಲ್ಲ. 1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯನ್‌ಕಾಳಿ ಎತ್ತಿನ ಗಾಡಿ ಹೂಡಿ, ನಮ್ಮವರಿಗೆ ಮುಚ್ಚಿದ್ದ ಹಾದಿಯಲ್ಲೇ ಹೊಡೆದುಕೊಂಡು ಹೋದರು. 1901ರಲ್ಲಿ ಮಸೂರು ರೈಲು ನಿಲ್ದಾಣದಲ್ಲಿ ಇಳಿದ ಬಾಲಕ ಭೀಮರಾವ್ ಮತ್ತು ಜೊತೆಯ ಹುಡುಗರನ್ನು, ಮಹಾರರು ಅಂತ ಗೊತ್ತಾದ ಕೂಡಲೇ, ಒಬ್ಬ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆಯಬೇಕಾಯಿತು. ಗಾಡಿಯವನು ಮೈಲಿಗೆ ಆಗದಂತೆ ಪಕ್ಕದಲ್ಲಿ ನಡೆದು ಬಂದ. 1929ರಲ್ಲಿ ಅದೇ ಭೀಮರಾವ್ ಬ್ಯಾರಿಸ್ಟರ್ ಆಗಿ ಚಾಳೀಸಗಾಂವ್‌ಗೆ ಹೋದಾಗ ಅಲ್ಲಿನ ಟಾಂಗಾದವರು ಮಹಾರನನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಕೇರಿಯವರು ಟಾಂಗಾವನ್ನಷ್ಟೇ ಬಾಡಿಗೆಗೆ ತಂದು, ಹೊಡೆದು ಗೊತ್ತಿಲ್ಲದ ತಮ್ಮವನೊಬ್ಬನ ಕೈಗೆ ಲಗಾಮು ಕೊಟ್ಟರು. ಮೋರಿಯ ಮೇಲೆ ಟಾಂಗಾ ಎಗರಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು. ಕಾಲು ಮುರಿಯಿತು.

ಇವತ್ತು ಆ ಟಾಂಗಾದವನಿಲ್ಲ. ಜಾತಿ ಕೇಳಿ ಬಸ್ಸಿನಿಂದ ಇಳಿಸೋ ಧೈರ್ಯ ಯಾವ ಕಂಡಕ್ಟರಿಗೂ ಇಲ್ಲ. ಈಗ ಆ ಕೆಲಸವನ್ನು ನಕ್ಷೆ ಮಾಡುತ್ತೆ, ಟಿಕೆಟ್ಟಿನ ದರ ಮಾಡುತ್ತೆ, ವೇಳಾಪಟ್ಟಿ ಮಾಡುತ್ತೆ. ಒಮ್ಮೊಮ್ಮೆ ಹಳೇ ಟಾಂಗಾದವನೂ ಯೂನಿಫಾರ್ಮ್ ಹಾಕ್ಕೊಂಡು ಎದ್ದು ಬರ್ತಾನೆ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ, ಕೈಯಲ್ಲಿ ಟಿಕೆಟ್ ಹಿಡಿದಿದ್ದ ಒಬ್ಬ ರೈತನನ್ನು ಬಟ್ಟೆ ಕೊಳೆಯಾಗಿದೆ ಅಂತ ತಡೆದರು. ಜೊತೆಗಿದ್ದ ಪ್ರಯಾಣಿಕರು ಜಗಳ ಆಡಿದ ಮೇಲೆ ಒಳಕ್ಕೆ ಬಿಟ್ಟರು. ವಿಡಿಯೋ ಊರೆಲ್ಲಾ ಹರಡಿ ಗಲಾಟೆ ಆದದ್ದಕ್ಕೆ ಆ ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು. ಒಬ್ಬನನ್ನು ತೆಗೆದರೆ ಆಯ್ತಾ? ಕೊಳೆ ಬಟ್ಟೆಯವನು ಇಲ್ಲಿಗೆ ಬರಬಾರದು ಅನ್ನೋ ಯೋಚನೆಯನ್ನು ಅವನ ತಲೆಯಲ್ಲಿ ಇಟ್ಟವರು ಯಾರು?

ಈ ನಕ್ಷೆಯ ಕತೆ ಹಳೆಯದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ ಬೆಳಕಿನ ಹೊಸ ಬಡಾವಣೆಗಳಿಗೆ ಜನರನ್ನು ಕಳಿಸಿದರು. ಆ ಕಾಲದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನಿವೇಶನ ಹಂಚಿದ್ದು ಜಾತಿವಾರು ಬ್ಲಾಕು ಮಾಡಿ. ರೋಗಕ್ಕೆ ಜಾತಿ ಇರಲಿಲ್ಲ, ಔಷಧಿಗೆ ಇತ್ತು. ಅದು ರಾಜರ ಕಾಲ, ಈಗ ಪ್ರಜಾಪ್ರಭುತ್ವ ಅಂತೀರಾ? ಹಾಗಾದರೆ ಈಜಿಪುರಕ್ಕೆ ಬನ್ನಿ. ಬಡವರಿಗೆ ಅಂತ ಸರ್ಕಾರವೇ ಕಟ್ಟಿಸಿದ್ದ ಮನೆಗಳು ಕುಸಿದು ಬಿದ್ದವು. ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಬದುಕು ಹೂಡಿದ್ದ ಸುಮಾರು ಒಂದೂವರೆ ಸಾವಿರ ಕುಟುಂಬಗಳನ್ನು 2013ರ ಜನವರಿಯ ಚಳಿಯಲ್ಲಿ ಜೆಸಿಬಿ ತಂದು, ಪೊಲೀಸರನ್ನು ನಿಲ್ಲಿಸಿ ಎಬ್ಬಿಸಿದರು. ಆ ಜಾಗದಲ್ಲಿ ಖಾಸಗಿಯವರ ಜೊತೆ ಸೇರಿ ಮಾಲ್ ಕಟ್ಟೋ ಒಪ್ಪಂದ ಆಗಿತ್ತು. ಎಬ್ಬಿಸಿದವರಿಗೆ ತೋರಿಸಿದ ಜಾಗ ಸರ್ಜಾಪುರ ರಸ್ತೆಯ ಆಚೆಯ ಸೂಲಿಕುಂಟೆ. ಕೋರಮಂಗಲದ ಮನೆಗಳಲ್ಲಿ ಮುಸುರೆ ತಿಕ್ಕಿ ಮಗುವಿನ ಫೀಜು ಕಟ್ಟುತ್ತಿದ್ದ ತಾಯಿ ಸೂಲಿಕುಂಟೆಯಿಂದ ಹೇಗೆ ಬರಬೇಕು? ಮನೆ ಕೊಡ್ತೀವಿ ಅನ್ನೋರು ಕೆಲಸ ಕಿತ್ಕೊಳ್ತಾರೆ. ಎರಡಕ್ಕೂ ನಡುವೆ ಇರಬೇಕಾದ ಬಸ್ಸು ಮಾತ್ರ ಯಾರ ಫೈಲಿನಲ್ಲೂ ಇರೋದಿಲ್ಲ.

ಈಗ ಇನ್ನೊಂದು ಕಡೆ ನೋಡಿ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಸೇತುವೆ ಮಾಡ್ತೀವಿ ಅಂದರು. ಖರ್ಚು ಸುಮಾರು 1,800 ಕೋಟಿ, ಕಡಿಯಬೇಕಾದ ಮರ 812. ಅಕ್ಟೋಬರಿನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಬಿಟ್ಟಿತು. ಮರ ಉಳಿದದ್ದು ನಮಗೂ ಸಂತೋಷ. ಆದರೆ ಒಂದು ಮಾತು ಕೇಳಲೇಬೇಕು. 812 ಮರಗಳಿಗೆ ಸಿಕ್ಕ ಆ ಕೈಗಳು 1,500 ಒಲೆಗಳು ಆರಿದಾಗ ಎಲ್ಲಿದ್ದವು?

ಉಕ್ಕಿನ ಸೇತುವೆ ಹೋಯ್ತು, ಸುರಂಗ ಬಂತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿಲೋಮೀಟರ್ ನೆಲದಡಿ ರಸ್ತೆ. ಅಂದಾಜು 17 ಸಾವಿರ ಕೋಟಿ ರೂಪಾಯಿ. ಅದರೊಳಗೆ ಹೋಗಬೇಕಾದರೆ ಟೋಲ್ ಕಟ್ಟಬೇಕು. ಸ್ಕೂಟರು, ಆಟೋಗೆ ಪ್ರವೇಶ ಇಲ್ಲ ಅಂತ ಮೊದಲೇ ಹೇಳಿದ್ದಾರೆ. ಅಂದರೆ ಇದು ಕಾರಿನವರ ಓಣಿ. ಖಾಸಗಿಯವರೂ ದುಡ್ಡು ಹಾಕ್ತಾರಲ್ಲ ಅಂತಾರೆ. ಹಾಕಿದ ದುಡ್ಡಿನ ಮೇಲೆ ಬಡ್ಡಿ ಸಮೇತ ಎತ್ತದೇ ಬಿಡೋ ಖಾಸಗಿಯವನನ್ನು ನೀವು ನೋಡಿದ್ದೀರಾ? ಒಂದು ಬಸ್ಸಿಗೆ ಒಂದು ಕೋಟಿ ಅಂತಲೇ ಹಿಡಿಯಿರಿ. ಆ ದುಡ್ಡಿನಲ್ಲಿ ಅರ್ಧವನ್ನು ಡಿಪೋಗೂ ಡ್ರೈವರ್ ಕಂಡಕ್ಟರುಗಳ ಸಂಬಳಕ್ಕೂ ತೆಗೆದಿಟ್ಟರೂ ಎಂಟು ಸಾವಿರ ಬಸ್ಸು ಬರುತ್ತೆ. ಕೋಟಿ ಮೀರಿದ ಜನ ಇರೋ ಈ ಊರಿನಲ್ಲಿ ಬಿಎಂಟಿಸಿ ಹತ್ತಿರ ಇರೋದು ಆರೇಳು ಸಾವಿರ ಬಸ್ಸು ಮಾತ್ರ!

ಬಸ್ಸು ನಷ್ಟದ ಬಾಬತ್ತು ಅನ್ನೋದು ಇನ್ನೊಂದು ರಾಗ. ಹಾಗಾದರೆ ಫ್ಲೈಓವರು ಎಷ್ಟು ಲಾಭ ಮಾಡಿತು, ಲೆಕ್ಕ ಕೊಡಿ. ಕಾರಿನವನಿಗೆ ಸುರಿದರೆ ಅದು ಅಭಿವೃದ್ಧಿ, ಬಸ್ಸಿನವನಿಗೆ ಕೊಟ್ಟರೆ ಸಬ್ಸಿಡಿ. ಹಣ ಒಂದೇ, ಹೆಸರು ಎರಡು. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಅಂತ ಒಂದು ಪಥ ಬಿಟ್ಟುಕೊಟ್ಟರು. ಅದಕ್ಕೆ ಬೇಕಾದದ್ದು ಸುರಂಗ ಅಲ್ಲ, ಒಂದಷ್ಟು ಗೂಟ ಮತ್ತು ಒಂದಷ್ಟು ಮನಸ್ಸು. ಕೊರೋನಾ ಬಂತು, ಮೆಟ್ರೋ ಕಾಮಗಾರಿ ಬಂತು, ಗೂಟ ಹೋಯ್ತು. ಮನಸ್ಸು ಅದಕ್ಕೂ ಮೊದಲೇ ಹೋಗಿತ್ತು. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15 ಏರಿತು. ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90 ಆಯ್ತು. ಗಾರೆ ಕೆಲಸದವನು ಹೋಗಿ ಬರೋಕೆ 180 ರೂಪಾಯಿ ಕೊಡ್ತಾನಾ?

ಹೆಂಗಸರಿಗೆ ಬಸ್ಸು ಫ್ರೀ ಅಲ್ವೇನ್ರಪ್ಪ ಅಂತ ನೀವು ಕೇಳಬಹುದು. ಹೌದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನಮ್ಮವ್ವಂದಿರು, ಗಾರ್ಮೆಂಟ್ಸಿನ ಅಕ್ಕಂದಿರು, ಬೆಳಗಿನ ಜಾವ ಪೊರಕೆ ಹಿಡಿಯೋ ಪೌರಕಾರ್ಮಿಕ ತಾಯಂದಿರು ಕಂಡಕ್ಟರಿನ ಮುಂದೆ ಸೆರಗಿನ ಗಂಟು ಬಿಚ್ಚದೆ ಹತ್ತಿ ಇಳೀತಿದ್ದಾರೆ. ಇದನ್ನು ಗೇಲಿ ಮಾಡೋರ ಬಾಯಿಗೆ ಮಣ್ಣು ಬೀಳಲಿ. ಆದರೆ ದುಡ್ಡು ಎಲ್ಲಿಂದ ಬಂತು ನೋಡಿ. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ನಮ್ಮ ಏಳಿಗೆಗೇ ಖರ್ಚಾಗಬೇಕು ಅಂತ 2013ರಲ್ಲಿ ಪರಿಶಿಷ್ಟರ ಉಪಯೋಜನೆ ಕಾಯ್ದೆ ಬಂತು. ಅದರಲ್ಲೇ 7(ಡಿ) ಅನ್ನೋ ಒಂದು ಕಿಂಡಿ ಇಟ್ಟಿದ್ದರು. ಎಲ್ಲರಿಗೂ ಆಗೋ ಕಾಮಗಾರಿಯ ಖರ್ಚಿನಲ್ಲೂ ಒಂದು ಭಾಗವನ್ನು ನಮ್ಮ ಲೆಕ್ಕಕ್ಕೆ ಬರೆಯೋ ಕಿಂಡಿ. ಹೋರಾಟ ಆಗಿ 2023ರಲ್ಲಿ ಅದನ್ನು ಮುಚ್ಚಿದರು. ಅದೇ 2023-24ರ ಸಾಲಿನಲ್ಲಿ ನಮ್ಮ ಉಪಯೋಜನೆಯ ಸುಮಾರು 11 ಸಾವಿರ ಕೋಟಿಯನ್ನು ಐದು ಗ್ಯಾರಂಟಿಗಳಿಗೆ ಹಂಚಿದರು. ಶಕ್ತಿ ಅದರಲ್ಲಿ ಒಂದು. ಕಿಂಡಿ ಮುಚ್ಚಿ ಬಾಗಿಲು ತೆರೆದರು! ಎಲ್ಲಾ ಜಾತಿಯ ಹೆಂಗಸರೂ ಬಸ್ಸಿನಲ್ಲಿ ಪುಕ್ಕಟೆ ಓಡಾಡಲಿ, ಅದು ಅವರ ಹಕ್ಕು. ನಮ್ಮವ್ವನ ಟಿಕೆಟ್ಟಿನ ದುಡ್ಡನ್ನು ಮಾತ್ರ ನಮ್ಮ ಹಾಸ್ಟೆಲ್ಲಿನ, ನಮ್ಮ ಭೂಮಿಯ, ನಮ್ಮ ಸ್ಕಾಲರ್‌ಶಿಪ್ಪಿನ ಡಬ್ಬಿಯಿಂದ ಯಾಕೆ ಎತ್ತಬೇಕು? ಸುರಂಗಕ್ಕೆ ಕಾರಿನವರ ಡಬ್ಬಿ ಅಂತ ಬೇರೆ ಇಟ್ಟಿದ್ದಾರಾ?

ಈಗ ನಮ್ಮ ಪಾಡಿಗೆ ಬರೋಣ. ಪರಿಶಿಷ್ಟ ವಿದ್ಯಾರ್ಥಿಗಳಿಗೆ ಬಸ್ ಪಾಸಿನಲ್ಲಿ ರಿಯಾಯಿತಿ ಉಂಟು. ಪಾಸು ಜೇಬಿನಲ್ಲಿದೆ, ಬಸ್ಸು ರಸ್ತೆಯಲ್ಲಿಲ್ಲ. ಊರ ನಡುವೆ ಜಾಗ ತುಟ್ಟಿ ಅಂತ ಹಾಸ್ಟೆಲ್ಲನ್ನು ಊರಾಚೆ ಕಟ್ತಾರೆ. ಅಲ್ಲೂ ಊರಾಚೆ, ಇಲ್ಲೂ ಊರಾಚೆ. ನಾನು ಬಿ.ಎ. ಓದುವಾಗ ನಮ್ಮ ಹಾಸ್ಟೆಲ್ಲಿನಿಂದ ಕಾಲೇಜಿಗೆ ಎರಡು ಬಸ್ಸು ಹಿಡೀಬೇಕಿತ್ತು. ಒಂಬತ್ತರ ಪಿರಿಯಡ್ಡಿಗೆ ಏಳಕ್ಕೇ ಹೊರಡಬೇಕು, ಮೆಸ್ಸಿನಲ್ಲಿ ತಿಂಡಿ ಆಗೋದು ಎಂಟಕ್ಕೆ. ತಿಂಡಿ ತಿಂದರೆ ಹಾಜರಿ ಇಲ್ಲ, ಹಾಜರಿ ಹಾಕಿಸಿಕೊಂಡರೆ ತಿಂಡಿ ಇಲ್ಲ. ಸಾಯಂಕಾಲ ಲೈಬ್ರರಿಯಲ್ಲಿ ಕೂತರೆ ಕೊನೇ ಬಸ್ಸು ಹೋಗಿರುತ್ತೆ. ಹಾಜರಿ ಕಡಿಮೆ ಆದರೆ ಪರೀಕ್ಷೆಗೆ ಕೂರಿಸಲ್ಲ, ಸ್ಕಾಲರ್‌ಶಿಪ್ ನಿಲ್ಲುತ್ತೆ. ಆಮೇಲೆ ಕ್ಲಾಸಿನಲ್ಲಿ ಮೇಷ್ಟ್ರು ಹೇಳ್ತಾರೆ, ಕೋಟಾದ ಹುಡುಗರಿಗೆ ಶಿಸ್ತಿಲ್ಲ! ಹಾಸ್ಟೆಲ್ಲಿನ ಹೆಣ್ಣುಮಕ್ಕಳ ಕಷ್ಟ ಇನ್ನೂ ಹೆಚ್ಚು. ಬೀದಿದೀಪ ಇಲ್ಲದ ಸ್ಟಾಪಿನಿಂದ ಕತ್ತಲಲ್ಲಿ ನಡೆದು ಬರೋ ಬದಲು ಕೊನೇ ಪಿರಿಯಡ್ಡು ಬಿಟ್ಟು ಬಂದ ತಂಗಿಯರು ಎಷ್ಟು ಜನ? ಪ್ರತಿಭೆ ಅನ್ನೋದರಲ್ಲಿ ಬಸ್ಸಿನ ಪಾಲೆಷ್ಟು ಅಂತ ಯಾವ ಪ್ರೊಫೆಸರೂ ಲೆಕ್ಕ ಹಾಕಿಲ್ಲ.

ಯಾರನ್ನು ಕೇಳೋಣ? ಪಾಲಿಕೆಯಲ್ಲಿ ನಮ್ಮ ವಾರ್ಡಿನ ಮೆಂಬರನ್ನಾದರೂ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಬಿಬಿಎಂಪಿಗೆ ಕಡೆಯ ಚುನಾವಣೆ ನಡೆದದ್ದು 2015ರಲ್ಲಿ. ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಲ್ಲಿಂದ ಐದು ವರ್ಷ ಅಧಿಕಾರಿಗಳದೇ ದರ್ಬಾರು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯ್ತು, ಜನ ಆರಿಸಿದ ಒಬ್ಬ ಮೆಂಬರೂ ಇಲ್ಲದೆ! ಸುರಂಗದಂಥ ಯೋಜನೆಗಳು ತೀರ್ಮಾನ ಆದದ್ದು ಈ ಖಾಲಿ ಕುರ್ಚಿಗಳ ಕಾಲದಲ್ಲಿ. ಬೀದಿಗಿಳಿದು ಕೇಳೋಣ ಅಂದರೆ ಅದಕ್ಕೂ ಟ್ರಾಫಿಕ್ಕಿನ ನೆಪ. 2021ರಲ್ಲಿ ಬಂದ ಆದೇಶದ ಪ್ರಕಾರ ಈ ಊರಿನಲ್ಲಿ ಧರಣಿ ಮಾಡಬೇಕಾದರೆ ಫ್ರೀಡಂ ಪಾರ್ಕಿನಲ್ಲೇ ಮಾಡಬೇಕು. ಅದು ಹಳೇ ಸೆಂಟ್ರಲ್ ಜೈಲು. ಸಿಟ್ಟು ಬಂದರೆ ಜೈಲಿನೊಳಗೆ ಹೋಗಿ ಕೂಗಿ ಬನ್ನಿ ಅಂತ ಅರ್ಥ.

ಕೂಗು ಕೇಳಿಸೋದು ಹೇಗೆ ಅಂತ ತೋರಿಸಿಕೊಟ್ಟವರು ಗಾರ್ಮೆಂಟ್ಸಿನ ಹೆಂಗಸರು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ದುಡ್ಡಿಗೆ ಕೈ ಹಾಕಿದಾಗ, ಯಾವ ನಾಯಕನನ್ನೂ ಕಾಯದೆ ಅವರು ಹೊಸೂರು ರಸ್ತೆಗೆ ಇಳಿದರು. ಎರಡು ದಿನ. ಊರು ನಿಂತಿತು. ನಿಯಮ ವಾಪಸ್ಸಾಯಿತು. ದಿನವೂ ಬಸ್ಸಿಗೆ ಕಾಯುತ್ತಾ ನಿಂತವರು ಎರಡು ದಿನ ಊರನ್ನೇ ಕಾಯಿಸಿದರು.

ನಮ್ಮಲ್ಲೇ ಓದಿ ನೌಕರಿ ಹಿಡಿದ ಅಣ್ಣಂದಿರಿಗೂ ಒಂದು ಮಾತು. ಕಾರು ಕೊಂಡಿದ್ದೀರಿ, ಸಂತೋಷ. ನಮ್ಮವರು ಕಾರಿನಲ್ಲಿ ಕೂರೋದನ್ನು ನೋಡೋಕೆ ನಮಗೂ ಆಸೆ. ಆದರೆ ಕಾರಿನ ಗಾಜು ಏರಿಸಿದ ಮೇಲೆ ಬಸ್‌ಸ್ಟಾಪಿನಲ್ಲಿ ನಿಂತ ತಮ್ಮ ಕಾಣದೇ ಹೋದರೆ, ಬಾಬಾಸಾಹೇಬರ ಫೋಟೋ ಡ್ಯಾಶ್‌ಬೋರ್ಡಿನ ಮೇಲಿದ್ದು ಏನು ಬಂತು?

ನಮ್ಮ ಬೇಡಿಕೆಗಳು ಸುರಂಗದಷ್ಟು ಆಳವಾಗಿಲ್ಲ. ಒಂದು, ಬಸ್ಸಿಲ್ಲದ ಕಡೆ ಹಾಸ್ಟೆಲ್ ಕಟ್ಟಬಾರದು. ಕಟ್ಟಿದ ಕಡೆ ಕಾಲೇಜಿನ ವೇಳೆಗೆ, ಲೈಬ್ರರಿ ಮುಚ್ಚೋ ವೇಳೆಗೆ ಬಸ್ಸು ಬಿಡಬೇಕು, ಅದಕ್ಕೆ ತಕ್ಕಂತೆ ಮೆಸ್ಸಿನ ವೇಳೆ ಬದಲಾಗಬೇಕು. ಎರಡು, ಸ್ಲಮ್ಮಿನವರನ್ನು ಎಲ್ಲಿಗೇ ಕಳಿಸಲಿ, ಮೊದಲು ಬಸ್ಸು ಓಡಲಿ, ಆಮೇಲೆ ಮಾತು. ಮೂರು, ದೊಡ್ಡ ರಸ್ತೆಗಳಲ್ಲಿ ಬಸ್ಸಿಗೆ ಬೇರೆ ಪಥ ಬೇಕು. ನಾಲ್ಕು, ಉಪಯೋಜನೆಯ ಹಣ ಉಪಯೋಜನೆಗೇ. ಶಕ್ತಿಯ ಖರ್ಚು ಸಾಮಾನ್ಯ ಬಜೆಟ್ಟಿನಿಂದ.

ಕೆಲಸ ಇವತ್ತಿನಿಂದಲೇ ಶುರುವಾಗಲಿ. ಪ್ರತಿ ಹಾಸ್ಟೆಲ್ಲಿನಲ್ಲಿ ಒಂದು ನೋಟ್‌ಬುಕ್ ಇಡಿ. ಬೋರ್ಡಿನಲ್ಲಿ ಬಸ್ಸು ಎಷ್ಟು ಗಂಟೆಗೆ ಅಂತಿದೆ, ಬಂದದ್ದು ಎಷ್ಟು ಗಂಟೆಗೆ, ಎಷ್ಟು ಜನ ಹತ್ತಲಾಗದೆ ಉಳಿದರು, ಯಾವ ಪಿರಿಯಡ್ ತಪ್ಪಿತು, ಒಂದು ತಿಂಗಳು ಬರೀರಿ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ರೂಟಿನ ಟ್ರಿಪ್ ಲೆಕ್ಕ ತೆಗೆಸಿ, ಎರಡನ್ನೂ ಎದುರುಬದುರು ಇಡಿ. ಆಮೇಲೆ ಒಬ್ಬೊಬ್ಬರಾಗಿ ಅರ್ಜಿ ಹಿಡಿದು ಹೋಗಬೇಡಿ. ಐವತ್ತು ಜನ, ಗಂಡುಮಕ್ಕಳು ಹೆಣ್ಣುಮಕ್ಕಳು ಒಟ್ಟಿಗೆ, ಡಿಪೋ ಮ್ಯಾನೇಜರ್ ಮುಂದೆ ನೋಟ್‌ಬುಕ್ ಇಟ್ಟು ಕೂತುಬಿಡಿ. ಡ್ರೈವರ್ ಕಂಡಕ್ಟರುಗಳ ಮೇಲೆ ಎಗರಬೇಡಿ. ಎರಡು ಆಳಿನ ಕೆಲಸ ಒಬ್ಬನೇ ಮಾಡಿ ಬಸವಳಿದವರು ಅವರು, ಅವರಲ್ಲಿ ನಮ್ಮವರೂ ಇದ್ದಾರೆ. ಕೇಳಬೇಕಾದ್ದು ನಕ್ಷೆ ಬರೆದವನನ್ನು.

ಅಯ್ಯನ್‌ಕಾಳಿ ಗಾಡಿ ಹೂಡುವಾಗ ಯಾರ ಅಪ್ಪಣೆಗೂ ಕಾಯಲಿಲ್ಲ. ರಸ್ತೆಗೆ ಜಲ್ಲಿ ಹೊತ್ತವರು ನಾವು, ಡಾಂಬರು ಕಾಯಿಸಿದವರು ನಾವು, ಸೂರ್ಯ ಹುಟ್ಟೋಕೆ ಮುಂಚೆ ಅದನ್ನು ಗುಡಿಸೋರೂ ನಾವು. ಆ ರಸ್ತೆಯ ಮೇಲೆ ಒಂದು ಬಸ್ಸು ಕೇಳೋದು ಭಿಕ್ಷೆ ಅಲ್ಲ, ಬಾಕಿ ವಸೂಲಿ.

ಜೈ ಭೀಮ್.