ಶೋಕೇಸಿನ ಜಂಬೋ: ಕೊಳ್ಳುವ ಮೊದಲು ಏನು ನೋಡಬೇಕು?



ಗಲ್ಫ್‌ನಲ್ಲಿ ದುಡಿದವರ ಮನೆಯ ಶೋಕೇಸನ್ನು ಒಮ್ಮೆ ನೆನಪಿಸಿಕೊಳ್ಳಿ. ಮೇಲಿನ ತಟ್ಟೆಯಲ್ಲಿ ಟೀ ಸೆಟ್, ಅದರ ಪಕ್ಕದಲ್ಲಿ ಬರಿದಾದ ಅತ್ತರು ಬಾಟಲಿಗಳು. ಇವುಗಳ ನಡುವೆ ಇತ್ತೀಚೆಗೆ ಇನ್ನೊಂದು ವಸ್ತು ಬಂದು ಕುಳಿತಿದೆ. ಅದು ಅಂಗೈಯಷ್ಟು ದೊಡ್ಡ ಲೋಹದ ವಿಮಾನ. ಮಕ್ಕಳ ಆಟಿಕೆಯಂತೆ ಕಂಡರೂ ಇದರ ಬೆಲೆ ಆಟಿಕೆಯದ್ದಲ್ಲ. ಒಂದೊಂದಕ್ಕೆ ಕೆಲವು ಸಾವಿರ ರೂಪಾಯಿ ಕೊಡಬೇಕಾಗುತ್ತದೆ. ಬೆವರು ಸುರಿಸಿ ಗಳಿಸಿದ ಹಣ ಕೊಟ್ಟು ತರುವಾಗ ಅದು ಒಳ್ಳೆಯದೇ ಕೆಟ್ಟದೇ ಎಂದು ತಿಳಿಯುವುದು ಹೇಗೆ? ಈ ಸಲ ಅದನ್ನೇ ನೋಡೋಣ.

ಮೊದಲು ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನನ್ನ ತಮ್ಮನ ಮಗ ದುಬೈಯಲ್ಲಿ ಕೆಲಸಕ್ಕೆ ಸೇರಿ ಮೊದಲ ರಜೆಗೆ ಊರಿಗೆ ಬಂದಾಗ ಅಜ್ಜನಿಗೆಂದು ಏರ್ ಇಂಡಿಯಾದ ಜಂಬೋ ವಿಮಾನದ ಮಾದರಿಯೊಂದನ್ನು ತಂದ. ನನ್ನ ತಂದೆ 1982ರಲ್ಲಿ ಮುಂಬಯಿಯಿಂದ ದುಬೈಗೆ ಹೋದದ್ದು ಅಂಥದ್ದೇ ಜಂಬೋದಲ್ಲಿ. ಚಂದದ ಪೆಟ್ಟಿಗೆ, ಒಳಗೆ ನಂಬರು ಹಾಕಿದ ಕಾರ್ಡು, ಮೂತಿಯ ಬಳಿ 'ಎಂಪರರ್ ಶಹಜಹಾನ್' ಎಂಬ ಹೆಸರು. ತಂದೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಮೆಲ್ಲಗೆ, "ಮೋನೇ, ನಾನು ಹತ್ತಿದ ವಿಮಾನ ಇದಲ್ಲ. ನನ್ನ ಸೀಟು ರೆಕ್ಕೆಯ ಪಕ್ಕದಲ್ಲಿತ್ತು. ಅದರ ತುದಿ ಹೀಗೆ ಮೇಲಕ್ಕೆ ಮಡಚಿರಲಿಲ್ಲ" ಎಂದರು. ಹುಡುಗನ ಮುಖ ಸಣ್ಣದಾಯಿತು.

ತಂದೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಏರ್ ಇಂಡಿಯಾಕ್ಕೆ 1971ರಿಂದ ಬಂದ ಮೊದಲ ಜಂಬೋಗಳು ಬೋಯಿಂಗ್ 747-200 ಜಾತಿಯವು. ಅವುಗಳಿಗೆ ಅಶೋಕ, ಶಹಜಹಾನ್, ಅಕ್ಬರ್ ಹೀಗೆ ಸಾಮ್ರಾಟರ ಹೆಸರಿಟ್ಟಿದ್ದರು. ರೆಕ್ಕೆಯ ತುದಿಯಲ್ಲಿ ಮೇಲಕ್ಕೆ ಮಡಚಿದಂತೆ ನಿಲ್ಲುವ ವಿಂಗ್‌ಲೆಟ್ ಬಂದದ್ದು 747-400ರಲ್ಲಿ. ಏರ್ ಇಂಡಿಯಾ ಅವನ್ನು ತರಿಸಿದ್ದು 1993ರಿಂದ. ಅವುಗಳ ಹೆಸರು ಕೋನಾರ್ಕ್, ಅಜಂತಾ, ಖಜುರಾಹೋ ಇತ್ಯಾದಿ. ಅಂದರೆ ಮಾದರಿ ತಯಾರಿಸಿದವರು ಹೊಸ ವಿಮಾನದ ಅಚ್ಚಿಗೆ ಹಳೆಯ ವಿಮಾನದ ಹೆಸರು ಬರೆದು ಮಾರಿದ್ದರು. ಬಣ್ಣ ಚೆನ್ನಾಗಿತ್ತು, ಭಾರವೂ ಇತ್ತು. ಆದರೆ ಅಂಥ ವಿಮಾನ ಆಕಾಶದಲ್ಲಿ ಎಂದೂ ಹಾರಿರಲಿಲ್ಲ!

ಹಾಗಾದರೆ ಕೊಳ್ಳುವಾಗ ನೀವು ಏನೇನು ಗಮನಿಸಬೇಕು?

ಮೊದಲನೆಯದು ಲೋಹ. 'ಡೈಕಾಸ್ಟ್' ಎಂದರೆ ಕರಗಿಸಿದ ಲೋಹವನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬಿಸಿ ಎರಕ ಹೊಯ್ಯುವುದು. ಈ ಮಾದರಿಗಳಿಗೆ ಬಳಸುವುದು ಸಾಮಾನ್ಯವಾಗಿ ಸತುವಿನ ಮಿಶ್ರಲೋಹ. ಅದರಲ್ಲಿ ಸ್ವಲ್ಪ ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಇರುತ್ತದೆ. ಸತು ಶುದ್ಧವಾಗಿರಬೇಕಾದದ್ದು ಬಹಳ ಮುಖ್ಯ. ಸೀಸ, ತವರ ಅಥವಾ ಕ್ಯಾಡ್ಮಿಯಂ ಬೆರೆತಿದ್ದರೆ ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಬಿರುಕು ಬಿಡುತ್ತಾ ಹೋಗುತ್ತದೆ. ಬಣ್ಣ ಗುಳ್ಳೆಯೇಳುತ್ತದೆ, ರೆಕ್ಕೆ ಬಾಗುತ್ತದೆ, ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ತೇವದ ಗಾಳಿ ಇದನ್ನು ಇನ್ನೂ ಬೇಗ ಮಾಡಿಸುತ್ತದೆ. ಇದಕ್ಕೆ ಮದ್ದಿಲ್ಲ. ಆದ್ದರಿಂದ ಹಳೆಯ ಮಾದರಿಗಳನ್ನು ಕೊಳ್ಳುವಾಗ ರೆಕ್ಕೆಯ ಬುಡ ಮತ್ತು ಬಾಲದ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು ಕಂಡರೆ ಬಿಟ್ಟುಬಿಡಿ.

ಕೈಯಲ್ಲಿ ಭಾರವಾಗಿದ್ದರೆ ಒಳ್ಳೆಯದು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಒಳ್ಳೆಯ ಮಾದರಿಗಳಲ್ಲೂ ಎಂಜಿನ್, ಆಂಟೆನಾದಂಥ ಸಣ್ಣ ಭಾಗಗಳು ಪ್ಲಾಸ್ಟಿಕ್‌ನವು ಇರುತ್ತವೆ. ನಾಜೂಕಾದ ಭಾಗ ಲೋಹದಲ್ಲಿ ದಪ್ಪಗಾಗುವುದೇ ಹೆಚ್ಚು.

ಎರಡನೆಯದು ಅಳತೆ. ಪೆಟ್ಟಿಗೆಯ ಮೇಲೆ 1:400 ಎಂದು ಬರೆದಿದ್ದರೆ ನಿಜವಾದ ವಿಮಾನದ ನಾನೂರರಲ್ಲಿ ಒಂದು ಪಾಲು ಎಂದರ್ಥ. 1:200 ಮತ್ತು 1:500 ಕೂಡ ಸಿಗುತ್ತವೆ. ಜಂಬೋದ ಉದ್ದ ಸುಮಾರು 70.7 ಮೀಟರ್. ಆದ್ದರಿಂದ 1:400ರಲ್ಲಿ ಅದು 17.7 ಸೆಂಟಿಮೀಟರ್ ಇರಬೇಕು, 1:200ರಲ್ಲಿ 35.3. ಇಲ್ಲಿ ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲು ಸಾಕು. 747-200 ಮತ್ತು 747-400 ಎರಡರ ಉದ್ದವೂ ಒಂದೇ. ಆದರೆ ರೆಕ್ಕೆಯ ತುದಿಯಿಂದ ತುದಿಗೆ ಹಳೆಯದು 59.6 ಮೀಟರ್, ಹೊಸದು 64.4 ಮೀಟರ್. 1:400ರಲ್ಲಿ ಒಂದು 14.9 ಸೆಂಟಿಮೀಟರ್, ಇನ್ನೊಂದು 16.1. ನಮ್ಮ ಹುಡುಗ ಅಂಗಡಿಯಲ್ಲಿ ಒಂದು ಸ್ಕೇಲು ಇಟ್ಟು ನೋಡಿದ್ದರೆ ಮೋಸ ಅಲ್ಲೇ ತಿಳಿಯುತ್ತಿತ್ತು.

ಮೂರನೆಯದು ಆಕಾರ. ಕೊಳ್ಳುವ ಮೊದಲು ಆ ವಿಮಾನದ ನಿಜವಾದ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮೂತಿಯ ಬಾಗು, ಬಾಲದ ಓರೆ, ಜಂಬೋ ಆದರೆ ಮೇಲಂತಸ್ತಿನ ಗೂನು ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೋಲಿಸಿ. ಹಳೆಯ 200ರಲ್ಲಿ ಗೂನು ಚಿಕ್ಕದು, 400ರಲ್ಲಿ ಹಿಂದಕ್ಕೆ ಚಾಚಿರುತ್ತದೆ. ಎಂಜಿನನ್ನೂ ನೋಡಿ. 747-400ಕ್ಕೆ ಮೂರು ಕಂಪೆನಿಗಳ ಎಂಜಿನ್ ಬರುತ್ತಿತ್ತು. ಏರ್ ಇಂಡಿಯಾದ್ದು ಪ್ರಾಟ್ ಆಂಡ್ ವಿಟ್ನಿ. ಬ್ರಿಟಿಷ್ ಏರ್‌ವೇಸ್‌ನದ್ದು ರೋಲ್ಸ್ ರಾಯ್ಸ್, ಅದರ ಹೊದಿಕೆ ಹಿಂದಿನವರೆಗೂ ಉದ್ದಕ್ಕೆ ಮುಚ್ಚಿಕೊಂಡಿರುತ್ತದೆ. ಒಂದೇ ಅಚ್ಚಿನಿಂದ ಎಲ್ಲ ಕಂಪೆನಿಗಳ ವಿಮಾನ ಮಾಡಿ ಬಣ್ಣ ಮಾತ್ರ ಬದಲಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ನಾಲ್ಕನೆಯದು ಬಣ್ಣ ಮತ್ತು ಮುದ್ರಣ. ಈ ಮಾದರಿಗಳ ಮೇಲಿನ ಅಕ್ಷರ, ಕಿಟಕಿ, ಗೆರೆಗಳನ್ನು ಕೈಯಲ್ಲಿ ಬರೆಯುವುದಿಲ್ಲ. ಕೆತ್ತಿದ ಪಟ್ಟಿಯ ಮೇಲಿನ ಶಾಯಿಯನ್ನು ಮೆತ್ತನೆಯ ಸಿಲಿಕಾನ್ ದಿಂಡು ಎತ್ತಿಕೊಂಡು ವಿಮಾನದ ಮೇಲೆ ಒತ್ತುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಬೇರೆ ಒತ್ತು. ಒಂದು ಒತ್ತು ಕೂದಲಷ್ಟು ಜರುಗಿದರೂ ಸಾಕು, ಚಿತ್ರ ಎರಡೆರಡಾಗಿ ಕಾಣುತ್ತದೆ. ಏರ್ ಇಂಡಿಯಾದ ಹಳೆಯ ಜಂಬೋಗಳು ಇದಕ್ಕೆ ಒಳ್ಳೆಯ ಪರೀಕ್ಷೆ. ಅವುಗಳ ಪ್ರತಿ ಕಿಟಕಿಯ ಸುತ್ತ ರಾಜಸ್ಥಾನದ ಅರಮನೆಗಳ ಜರೋಕಾದಂತೆ ಕೆಂಪು ಕಮಾನು ಬರೆದಿರುತ್ತಿತ್ತು. ಮಾದರಿಯಲ್ಲಿ ಭೂತಗನ್ನಡಿ ಹಿಡಿದು ನೋಡಿ. ಕಮಾನಿನ ಸರಿಯಾದ ನಡುವೆ ಕಿಟಕಿ ಇದೆಯೇ? ಮೂತಿಯಿಂದ ಬಾಲದವರೆಗೂ ಹಾಗೆಯೇ ಇದೆಯೇ? ಬಾಲದ ಬಳಿ ಬರೆದ ನೋಂದಣಿ ಅಕ್ಷರಗಳು ಓದಲು ಬರುತ್ತವೆಯೇ?

ಎರಡೂ ಬದಿ ನೋಡುವುದನ್ನು ಮರೆಯಬೇಡಿ. ನಮ್ಮ ಮಂಗಳೂರಿಗೆ ಬರುವ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಹಳೆಯ ಬಣ್ಣದ 737 ವಿಮಾನಗಳ ಬಾಲದ ಎರಡು ಬದಿಯಲ್ಲಿ ಎರಡು ಬೇರೆ ಬೇರೆ ಚಿತ್ರಗಳಿದ್ದದ್ದು ನಿಮಗೆ ನೆನಪಿರಬಹುದು. ಮಾದರಿಯಲ್ಲಿ ಎರಡು ಬದಿಗೂ ಒಂದೇ ಚಿತ್ರ ಇದ್ದರೆ ಮಾಡಿದವರು ಶ್ರಮಪಟ್ಟಿಲ್ಲ ಎಂದೇ ತಿಳಿಯಿರಿ.

ಐದನೆಯದು ಜೋಡಣೆ. ವಿಮಾನವನ್ನು ಸಮತಟ್ಟಾದ ಮೇಜಿನ ಮೇಲೆ, ಇಲ್ಲವೇ ಗಾಜಿನ ಮೇಲೆ ಇಡಿ. ಎಲ್ಲ ಚಕ್ರಗಳೂ ನೆಲ ಮುಟ್ಟಬೇಕು. ಜಂಬೋಗೆ ಒಟ್ಟು 18 ಚಕ್ರ, ಎಣಿಸಿ ನೋಡಿ. ಎದುರಿನಿಂದ ಕಣ್ಣು ಸಮಕ್ಕೆ ಇಟ್ಟು ನೋಡಿದರೆ ಎರಡು ರೆಕ್ಕೆಯ ತುದಿಗಳೂ ಮೇಜಿನಿಂದ ಒಂದೇ ಎತ್ತರದಲ್ಲಿರಬೇಕು. ರೆಕ್ಕೆ ಮೈಗೆ ಸೇರುವಲ್ಲಿ ಉಗುರು ಹೋಗುವಷ್ಟು ಸಂದು ಇರಬಾರದು. ಅಂಟು ಹೊರಗೆ ಒಸರಿರಬಾರದು. ಎಂಜಿನ್‌ಗಳು ಒಂದು ಅತ್ತ ಒಂದು ಇತ್ತ ಮುಖ ಮಾಡಿರಬಾರದು.

ಕೊನೆಯದಾಗಿ ಪೆಟ್ಟಿಗೆಯ ಮಾತು. 'ಲಿಮಿಟೆಡ್ ಎಡಿಷನ್' ಎಂಬ ಕಾರ್ಡು ಎಷ್ಟು ಮಾಡಿದ್ದಾರೆ ಎಂಬುದನ್ನು ಮಾತ್ರ ಹೇಳುತ್ತದೆ, ಹೇಗೆ ಮಾಡಿದ್ದಾರೆ ಎಂಬುದನ್ನಲ್ಲ. ಮುಂದೆ ಬೆಲೆ ಏರುತ್ತದೆ ಎಂಬ ಅಂಗಡಿಯವನ ಮಾತಿಗೆ ಮರುಳಾಗಿ ಸಾಲ ಮಾಡಿ ಕೊಳ್ಳಬೇಡಿ. ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಚ್ಚಿಸಿ ನೋಡಿ, ಹಿಂದಿರುಗಿಸಲು ಅವಕಾಶವಿದೆಯೇ ಎಂದು ಕೇಳಿ, ಬಿಲ್ಲು ತೆಗೆದುಕೊಳ್ಳಿ. ಮನೆಗೆ ತಂದ ಮೇಲೆ ಬಿಸಿಲು ಬೀಳದ, ತೇವ ಇಲ್ಲದ ಕಡೆ ಗಾಜಿನೊಳಗೆ ಇಡಿ. ಮೆತ್ತನೆಯ ಬ್ರಶ್‌ನಿಂದ ಧೂಳು ಒರೆಸಿದರೆ ಸಾಕು. ಸಣ್ಣ ಮಕ್ಕಳ ಕೈಗೆ ಮಾತ್ರ ಕೊಡಲೇಬೇಡಿ. ಆಂಟೆನಾ, ಚಕ್ರಗಳು ಕಿತ್ತುಬಂದು ಬಾಯಿಗೆ ಹೋಗುವಷ್ಟು ಚಿಕ್ಕವು.

ಇನ್ನು ನಮ್ಮ ಮನೆಯ ಜಂಬೋದ ಕಥೆ. ಹುಡುಗ ಅಂಗಡಿಗೆ ಫೋನ್ ಮಾಡಿದ. ಪೆಟ್ಟಿಗೆ ಬಿಚ್ಚಿದ ಮೇಲೆ ವಾಪಸು ಇಲ್ಲ ಎಂದರು. ಇಷ್ಟು ಹಣ ನೀರಲ್ಲಿ ಹೋಯಿತಲ್ಲ ಎಂದು ಅವನು ಸಪ್ಪಗೆ ಕುಳಿತ. ಆಗ ತಂದೆಯವರು ವಿಮಾನವನ್ನು ಮತ್ತೆ ಕೈಗೆತ್ತಿಕೊಂಡು ಆ ಪ್ರಯಾಣದ ಬಗ್ಗೆ ಹೇಳತೊಡಗಿದರು. ಟಿಕೆಟಿಗಾಗಿ ಉಮ್ಮನ ಬಳೆ ಅಡವಿಟ್ಟದ್ದು, ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕುಳಿತು ಮುಂಬಯಿಗೆ ಹೋದದ್ದು, ರೆಕ್ಕೆ ನೋಡುತ್ತಾ ಇಡೀ ದಾರಿ ಅತ್ತದ್ದು. ಇದನ್ನು ಅವರು ಮಕ್ಕಳಾದ ನಮಗೂ ಎಂದೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಏರ್ ಇಂಡಿಯಾದ ಕೊನೆಯ ಜಂಬೋ 2024ರ ಏಪ್ರಿಲ್‌ನಲ್ಲಿ ಮುಂಬಯಿ ಬಿಟ್ಟು ಹೋಯಿತು. ಅದರಲ್ಲಿ ಕುಳಿತು ದುಡಿಯಲು ಹೋದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅಂಥವರಿಗೆಂದು ಮಾದರಿ ಕೊಳ್ಳುವುದಾದರೆ ಸ್ಕೇಲು, ಭೂತಗನ್ನಡಿ ಎಲ್ಲ ಆಮೇಲೆ. ಮೊದಲು ಅವರ ಪಕ್ಕದಲ್ಲಿ ಕುಳಿತು, ಯಾವ ವರ್ಷ ಹೋದಿರಿ, ಎಲ್ಲಿಂದ ಹತ್ತಿದಿರಿ, ಕಿಟಕಿಯಿಂದ ಏನು ಕಂಡಿತು ಎಂದು ಕೇಳಿ. ಯಾವ ಮಾದರಿ ಸರಿ ಎಂಬುದು ಅವರ ಉತ್ತರದಲ್ಲೇ ತಿಳಿಯುತ್ತದೆ.